ತಗಡು ಫಾಂಟ್: ವ್ಯಂಜನಗಳು ಮುಗಿದು ಒತ್ತಕ್ಷರಕ್ಕೆ ಕೈ ಹಾಕಿದ್ದೇನೆ

ಮೂಲ ವ್ಯಂಜನಗಳೆಲ್ಲ ಒಂದು ಹದಕ್ಕೆ ಬಂದಿವೆ. ಸದ್ಯಕ್ಕೆ ‘ತಗಡು’ ಅಂತ ಕರೆಯುತ್ತಿರುವ ಈ ಫಾಂಟ್ ಶೀರ್ಷಿಕೆಗೆ, ಪೋಸ್ಟರಿಗೆ, ಬೋರ್ಡಿಗೆ ಮಾತ್ರ. ದಪ್ಪ ಗೆರೆ, ಕಿರಿದಾದ ಅಗಲ, ಕತ್ತರಿಸಿದ ಮೂಲೆಗಳು. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಶೆಡ್ಡುಗಳ ಶಟರ್ ಮೇಲೆ ಕೈಯಲ್ಲಿ ಬರೆದ ಕನ್ನಡಕ್ಕಿರುವ ಗಟ್ಟಿತನ ಕಂಪ್ಯೂಟರಿನ ಕನ್ನಡಕ್ಕೂ ಬರಲಿ ಅನ್ನುವುದು ನನ್ನ ಬಹುಕಾಲದ ಆಸೆ.

ಇಂಗ್ಲಿಷಿನಲ್ಲಿ ಈ ಜಾತಿಯ ಅಕ್ಷರಗಳಿಗೆ ಬರವಿಲ್ಲ. ಮಾರಿಸ್ ಫುಲ್ಲರ್ ಬೆಂಟನ್ ಅವರ ಆಲ್ಟರ್ನೇಟ್ ಗಾಥಿಕ್ 1903ರದ್ದು, ಜೆಫ್ರಿ ಲೀ ಅವರ ಇಂಪ್ಯಾಕ್ಟ್ 1965ರದ್ದು. ನಮ್ಮಲ್ಲಿ ಫಾಂಟ್ ವಿನ್ಯಾಸ ಸಂಸ್ಥೆ ಏಕ್ ಟೈಪ್‌ನವರ ‘ಅನೇಕ್ ಕನ್ನಡ’ದಲ್ಲಿ ಕಿರಿದಗಲದ ರೂಪ ಇದೆ, ಒಳ್ಳೆಯ ಕೆಲಸ, ಆದರೆ ಅದರ ಸ್ವಭಾವ ನಯವಾದದ್ದು. ಒರಟು ಅಕ್ಷರ ಬೇಕಾದವರು ಇರುವ ಫಾಂಟನ್ನೇ ಎರಡೂ ಪಕ್ಕದಿಂದ ಒತ್ತಿ ಬ್ಯಾನರಿಗೆ ಹಾಕುತ್ತಾರೆ. ಹೀಗೆ ಅಗಲವನ್ನು ಶೇ. 60ಕ್ಕೆ ಇಳಿಸಿದರೆ ನಿಂತ ಗೆರೆಗಳ ದಪ್ಪವೂ ಶೇ. 60ಕ್ಕೆ ಇಳಿಯುತ್ತದೆ, ಅಡ್ಡ ಗೆರೆಗಳು ಮಾತ್ರ ಇದ್ದ ಹಾಗೇ ಇರುತ್ತವೆ. ಅಕ್ಷರ ಗಟ್ಟಿಯಾಗುವ ಬದಲು ಸೊರಗುತ್ತದೆ. ಹಾಗಾಗಿ ಒತ್ತುವ ದಾರಿಯನ್ನು ಬಿಟ್ಟು ಪ್ರತಿ ಅಕ್ಷರವನ್ನೂ ಹೊಸದಾಗಿಯೇ ಕಟ್ಟುತ್ತಿದ್ದೇನೆ.

ಫಾಂಟಿನ ಅಳತೆಗೆ ಆಧಾರವಾದ 1000 ಯೂನಿಟ್ಟಿನ ಚೌಕದಲ್ಲಿ ನಿಂತ ಗೆರೆಗೆ 150, ಅಡ್ಡ ಗೆರೆಗೆ 92 ಇಟ್ಟಿದ್ದೇನೆ. ಇಷ್ಟು ಅಂತರ ಯಾಕೆಂದರೆ ಕನ್ನಡದಲ್ಲಿ ಅಡ್ಡ ಗೆರೆಗಳು ಒಂದರ ಕೆಳಗೊಂದು ಪೇರಿಕೊಳ್ಳುತ್ತವೆ. ‘ಕ’ ಒಂದನ್ನೇ ನೋಡಿ: ತಲೆಯ ಗೆರೆ, ನಡುವಿನ ಗೆರೆ, ಕೆಳಗಿನ ಬಟ್ಟಲು. ಮೂರಕ್ಕೂ 150 ಕೊಟ್ಟರೆ ಒಳಗೆ ಬೆಳಕೇ ಆಡುವುದಿಲ್ಲ. ದುಂಡನೆಯದನ್ನೆಲ್ಲ ಎಂಟು ಮೂಲೆಗೆ ತಂದಿದ್ದೇನೆ. ‘ರ’ ಈಗ ಬೋಲ್ಟಿನ ತಲೆಯ ಹಾಗೆ ಕಾಣುತ್ತದೆ, ನನಗೆ ಅದೇ ಬೇಕಿತ್ತು.

ಹೆಚ್ಚು ಹೊತ್ತು ಹಿಡಿದದ್ದು ಮಹಾಪ್ರಾಣಗಳು. ದ–ಧ, ಪ–ಫ, ಡ–ಢ, ಬ–ಭ ಜೋಡಿಗಳಲ್ಲಿ ವ್ಯತ್ಯಾಸವೆಲ್ಲ ಆ ಹೊಟ್ಟೆ ಸೀಳಿನಲ್ಲಿದೆ. ಬಸ್ಸಿನ ಕಿಟಕಿಯಿಂದ ನೋಡಿದರೂ ಸೀಳು ಕಾಣಬೇಕು. ಅದನ್ನು ಬುಡದ ಗೆರೆಯಿಂದ ಕೆಳಕ್ಕೆ ಚೌಕವಾಗಿ ಇಳಿಸಿ, ಅದರ ಎರಡೂ ಬದಿ ಬುಡದ ಗೆರೆಯನ್ನು ಒಂದಿಷ್ಟು ತೆಳುಮಾಡಿದೆ. ‘ಠ’ದ ಚುಕ್ಕೆ ಚೌಕವಾಯಿತು. ‘ಥ’ದಲ್ಲಿ ಚುಕ್ಕೆಯೂ ಇದೆ ಸೀಳೂ ಇದೆ, ಅದಕ್ಕೆ ಮಾತ್ರ ಅಗಲ ಸ್ವಲ್ಪ ಧಾರಾಳವಾಗಿ ಕೊಟ್ಟಿದ್ದೇನೆ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಅನ್ನುವ ಹಟ ಕನ್ನಡಕ್ಕೆ ಒಗ್ಗುವುದಿಲ್ಲ.

‘ವು’ ಕೂಡ ಹಾಗೇ. ಕೊಂಬನ್ನು ‘ವ’ದ ಪಕ್ಕಕ್ಕೆ ಹಚ್ಚಿದರೆ ‘ಮ’ ಆಗಿಬಿಡುತ್ತದೆ, ಅದಕ್ಕೇ ನಮ್ಮ ಬರವಣಿಗೆಯಲ್ಲಿ ಪು, ವುಗಳ ಕೊಂಬು ಕೆಳಗಿನಿಂದ ಬರುವುದು. ಜಾಗ ಉಳಿಸಲು ಅದನ್ನು ಮೇಲಕ್ಕೆ ಎಳೆಯುವ ಆಸೆ ಯಾರಿಗಾದರೂ ಆಗುತ್ತದೆ, ಎಳೆಯಬಾರದು. ಗುಣಿತದಲ್ಲಿ ಒಂದು ಅನುಕೂಲವೂ ಇದೆ: ಕೀ, ಕೇ, ಕೋ ಮೂರಕ್ಕೂ ದೀರ್ಘದ ಗುರುತು ಒಂದೇ. ಅದನ್ನು ಚೆನ್ನಾಗಿ ಕಿರಿದು ಮಾಡಿದ್ದರಿಂದ ಒಂದೇ ಏಟಿಗೆ ಇಡೀ ಕಾಗುಣಿತ ಬಿಗಿಯಾಯಿತು.

ಈಗ ಒತ್ತುಗಳು. ಪೋಸ್ಟರಿನಲ್ಲಿ ಸಾಲುಗಳು ಒಂದಕ್ಕೊಂದು ಹತ್ತಿರ ಇರಬೇಕು, ಒತ್ತುಗಳೋ ಕೆಳಗೆ ಜೋತುಬೀಳುತ್ತವೆ. ಮೂಲ ಅಕ್ಷರದ ಎತ್ತರ 640, ಒತ್ತಿಗೆ 300. ಗೆರೆಯನ್ನೂ ಅದೇ ಅಳತೆಯಲ್ಲಿ ಅರ್ಧಕ್ಕೆ ಇಳಿಸಿದರೆ ಒತ್ತು ಬೇರೆ ಫಾಂಟಿನಿಂದ ತಂದು ಅಂಟಿಸಿದಂತೆ ಕಾಣುತ್ತದೆ, ಆದ್ದರಿಂದ ದಪ್ಪವನ್ನು ಮೂರನೇ ಎರಡು ಭಾಗ ಉಳಿಸಿಕೊಂಡಿದ್ದೇನೆ. ಕಬ್ಬಿಣ, ಉಕ್ಕು, ಯಂತ್ರ ಚೆನ್ನಾಗಿ ಕೂತಿವೆ. ‘ರಾಷ್ಟ್ರ’ದಲ್ಲಿ ಟ ಒತ್ತಿನ ಬಲಕ್ಕೆ ರ ಒತ್ತನ್ನು ಸರಿಸಿದ್ದೇನೆ, ಕೆಳಗೆ ಇನ್ನೊಂದು ಅಂತಸ್ತು ಕಟ್ಟಲು ಜಾಗವಿಲ್ಲ. ‘ಕಾರ್ಖಾನೆ’ ಇನ್ನೂ ಬಗೆಹರಿದಿಲ್ಲ: ‘ಖಾ’ ಮೊದಲೇ ಅಗಲ, ಅದರ ಬಲಕ್ಕೆ ಅರ್ಕಾವತ್ತು ಬಂದು ಪದದ ನಡುವೆ ಬಾಯಿ ತೆರೆದಂತೆ ಕಾಣುತ್ತದೆ. ಹೆಸರಿಗೇ ಒಪ್ಪುವ ಪದ ಇದು, ಇದು ಸರಿಯಾಗದೆ ಫಾಂಟ್ ಹೊರಬರುವುದಿಲ್ಲ.

ಗೀರು, ತುಕ್ಕಿನ ಕಲೆ ಸೇರಿಸಿ ಅಂತ ಕೆಲವು ಗೆಳೆಯರು ಹೇಳಿದರು. ಸೇರಿಸುವುದಿಲ್ಲ. ‘ನವನಗರ’ ಅಂತ ಬರೆದರೆ ಎರಡು ‘ನ’ಗಳ ಮೇಲೂ ಅದೇ ಗೀರು ಅದೇ ಜಾಗದಲ್ಲಿ ಬರುತ್ತದೆ, ಸುಳ್ಳು ತಕ್ಷಣ ಗೊತ್ತಾಗುತ್ತದೆ. ಒರಟುತನ ಅಕ್ಷರದ ಕಟ್ಟಡದಲ್ಲೇ ಇರಬೇಕು. ಕಲೆ ಬೇಕಾದವರಿಗೆ ಗೋಡೆಗೆ ಬಳಿದ ಮೇಲೆ ಮಳೆಯೇ ಮಾಡಿಕೊಡುತ್ತದೆ.

ತಗಡಿನಲ್ಲಿ ಕತ್ತರಿಸಿ ಬಣ್ಣ ಹೊಡೆಯುವ ಅಚ್ಚಿನ ರೂಪವೂ ಯೋಜನೆಯಲ್ಲಿದೆ. ‘ರ’, ಸೊನ್ನೆಗಳ ಒಳಗಿನ ತುಂಡು ಉದುರದಂತೆ ಕೊಂಡಿ ಬಿಡಬೇಕು. ಎಷ್ಟು ಅಗಲ ಅಂತ ಪೀಣ್ಯದ ಲೇಸರ್ ಕಟಿಂಗ್ ಶೆಡ್ಡಿನ ಆಪರೇಟರನ್ನು ಕೇಳಿದೆ. “ತಗಡು ಎಷ್ಟು ದಪ್ಪಾನೋ ಅದಕ್ಕಿಂತ ಕೊಂಡಿ ಸಣ್ಣ ಆಗ್ಬಾರ್ದು ಸಾರ್, ಬಿಸಿಗೆ ಸೊಟ್ಟಾಗುತ್ತೆ” ಅಂದರು. ‘ಬೆಂಗಳೂರು’ ಪದವನ್ನು ಅಲ್ಲೇ ಎಂಎಸ್ (ಮೈಲ್ಡ್ ಸ್ಟೀಲ್) ಶೀಟಿನಲ್ಲಿ ಕತ್ತರಿಸಿಕೊಟ್ಟರು. ಸೊನ್ನೆಯ ಕೊಂಡಿಗಳನ್ನು ಮೇಲೆ–ಕೆಳಗೆ ಇಡುವುದಕ್ಕಿಂತ ಓರೆಯಾಗಿ ಇಟ್ಟರೆ ಚೆಂದ ಅಂತ ಕಬ್ಬಿಣದಲ್ಲಿ ನೋಡಿದ ಮೇಲೆ ಗೊತ್ತಾಯಿತು, ಪರದೆಯ ಮೇಲೆ ಕಂಡಿರಲಿಲ್ಲ.

ಮುಂದಿನ ಕೆಲಸ ಅರ್ಕಾವತ್ತು, ಕನ್ನಡ ಅಂಕಿಗಳು, ಆಮೇಲೆ ಅಕ್ಷರಗಳ ನಡುವಿನ ಅಂತರ. ಮುಗಿದಾಗ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನಲ್ಲಿ ಬಿಡುತ್ತೇನೆ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಝ, ಘ, ಯೋ, ಯೌ ಇರುವ ಅಂಗಡಿ, ವರ್ಕ್‌ಶಾಪ್ ಹೆಸರುಗಳು ನಿಮ್ಮ ಬೀದಿಯಲ್ಲಿದ್ದರೆ ಬರೆದು ತಿಳಿಸಿ. ಪರೀಕ್ಷೆಗೆ ಅಂಥ ಪದಗಳು ಬೇಕು.