ಕಥೆ ಬರೀಲಿಕ್ಕೆ ದಿನಾ ಎಂತ ಪ್ರಾಕ್ಟೀಸ್ ಮಾಡುದು?

ವಾರಕ್ಕೊಂದಾದ್ರೂ ಈ ಮೆಸೇಜ್ ಬರ್ತದೆ, ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯ ಕಾಲೇಜು ಮಕ್ಕಳದ್ದೇ ಹೆಚ್ಚು. "ಅಕ್ಕಾ, ಕಥೆ ಬರೀಬೇಕು ಅಂತ ತುಂಬಾ ಆಸೆ ಉಂಟು, ಕೂತ್ರೆ ಎಂತದೂ ಬರುದಿಲ್ಲ, ದಿನಾ ಮಾಡುವಂಥ ಪ್ರಾಕ್ಟೀಸ್ ಏನಾದ್ರೂ ಉಂಟಾ?" ಉಂಟು. ಒಬ್ಬೊಬ್ಬರಿಗೆ ತುಂಡು ತುಂಡು ಹೇಳುದಕ್ಕಿಂತ ಇಲ್ಲಿ ಬರೆದುಬಿಡ್ತೇನೆ.

ನಾನು ಎಲ್ಲರಿಗೂ ಮೊದ್ಲು ಕೊಡುದು ಅಂಗಳದ್ದು. ಇದರ ಮೂಲ ಅಮೆರಿಕದ ಕಾದಂಬರಿಕಾರ ಜಾನ್ ಗಾರ್ಡ್ನರ್ ಬರೆಯುವವರಿಗೆ ಅಂತಲೇ ಕೊಟ್ಟ ಒಂದು ಅಭ್ಯಾಸ: ಮಗ ಯುದ್ಧದಲ್ಲಿ ಈಗಷ್ಟೇ ಸತ್ತಿದ್ದಾನೆ, ಅಪ್ಪ ಒಂದು ಕೊಟ್ಟಿಗೆಯನ್ನು ನೋಡ್ತಾನೆ, ಆ ಕೊಟ್ಟಿಗೆ ಅವನ ಕಣ್ಣಿಗೆ ಹೇಗೆ ಕಾಣ್ತದೆ ಬರೀಬೇಕು, ಆದ್ರೆ ಮಗ, ಯುದ್ಧ, ಸಾವು ಯಾವುದರ ಸುದ್ದಿಯೂ ಎತ್ತಬಾರದು. ನಮ್ಮಲ್ಲಿಗೆ ಕೊಟ್ಟಿಗೆ ಬದಲು ಅಡಿಕೆ ಒಣಗಿಸುವ ಅಂಗಳ ಇಟ್ಟುಕೊಳ್ಳಿ. ಗಲ್ಫಲ್ಲಿರುವ ಮಗ ಇನ್ನು ಊರಿಗೆ ಬರುದಿಲ್ಲ ಅಂತ ಫೋನ್ ಮಾಡಿದ್ದಾನೆ, ಅಮ್ಮ ಅಂಗಳ ನೋಡ್ತಾ ನಿಂತಿದ್ದಾಳೆ. ಮಗ, ಫೋನು, ಗಲ್ಫು ಯಾವುದೂ ಬರಬಾರದು, "ಬೇಸರ", "ಅನಿಸಿತು" ಅಂತೂ ಬೇಡವೇ ಬೇಡ.

ಪೆರ್ಲದ ಕಡೆಯ ಒಬ್ಬಳು ಮೊದ್ಲ ಸಲ "ಅವಳ ಎದೆ ಭಾರವಾಯಿತು, ಅಡಿಕೆಯೂ ಅಳುತ್ತಿರುವಂತೆ ಕಂಡಿತು" ಅಂತ ಬರೆದು ಕಳಿಸಿದ್ಳು. ವಾಪಸ್ ಕಳಿಸಿದೆ. ನಾಲ್ಕು ದಿನ ಬಿಟ್ಟು ಬಂದದ್ದು ಇದು: "ಮೂರು ಸಾಲು ಮಗುಚಿ ಆಗಿತ್ತು. ನಾಲ್ಕನೆಯದ್ದು ಹಾಗೇ ಇತ್ತು. ಮಂಜು ಬೀಳುವ ಹೊತ್ತಾದರೂ ಟಾರ್ಪಾಲು ಮಡಚಿಟ್ಟಲ್ಲೇ ಇತ್ತು." ನನಗೆ ಮೈ ಜುಂ ಅಂತು. ಅಡಿಕೆ ಒಣಗ್ಲಿಕ್ಕೆ ಹತ್ತಿರ ಹತ್ತಿರ 40 ದಿನದ ಬಿಸಿಲು ಬೇಕು, ಮಂಜಿಗೆ ಬಿಟ್ರೆ ಬೂಷ್ಟು ಹಿಡೀತದೆ, ಅದು ಗೊತ್ತಿದ್ದೂ ಒಬ್ಬಳು ಟಾರ್ಪಾಲು ಮುಟ್ಟದೆ ನಿಂತಿದ್ದಾಳೆ ಅಂದ್ರೆ ಮನೆಯಲ್ಲಿ ಏನೋ ಆಗಿದೆ ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ.

ಎರಡನೆಯದ್ದಕ್ಕೆ ಕಾಸರಗೋಡಿಂದ ಮಂಗ್ಳೂರು ಬಸ್ಸು ಹತ್ತಿ, ಕುಂಬಳೆ, ಉಪ್ಪಳ, ಹೊಸಂಗಡಿ ದಾಟಿ ತಲಪಾಡಿಯವರೆಗೆ ಸುಮ್ಮನೆ ಕಿವಿ ಕೊಟ್ಟು ಕೂತ್ರೆ ಸಾಕು. ಒಬ್ಬಳೇ ಹೆಂಗಸು ಕಂಡಕ್ಟರ್ ಹತ್ರ ಮಲಯಾಳ, ಮಗುವಿನ ಹತ್ರ ಹವ್ಯಕ ಕನ್ನಡ, ಪಕ್ಕದ ಸೀಟಿನವಳ ಹತ್ರ ತುಳು, ಫೋನಲ್ಲಿ ಟೀಚರ ಹತ್ರ ಪುಸ್ತಕದ ಕನ್ನಡ ಮಾತಾಡ್ತಾಳೆ. ಇದನ್ನೆಲ್ಲ ಬರೀ ಕನ್ನಡದಲ್ಲೇ ಬರೀಬೇಕು, "ಎಂದು ಮಲಯಾಳದಲ್ಲಿ ಹೇಳಿದಳು" ಅನ್ನುವ ಹಾಗಿಲ್ಲ, ಭಾಷೆ ಬದಲಾದದ್ದು ಮಾತ್ರ ಓದುವವರಿಗೆ ಗೊತ್ತಾಗ್ಬೇಕು. ಕಷ್ಟ ಉಂಟು. ಮಲಯಾಳದ ನಾಲ್ಕು ಶಬ್ದ ನಡುವೆ ತುರುಕಿದ್ರೆ ಆಯ್ತಲ್ಲ ಅಂತ ಕೇಳ್ತಾರೆ, ಅದು ನನಗೆ ಒಪ್ಪಿಗೆ ಇಲ್ಲ. ಸರಿಯಾಗಿ ಕೇಳಿ ನೋಡಿ, ಕಂಡಕ್ಟರಿಗೆ ಅವಳು ಹೇಳುದು "ಒಂದು ಫುಲ್, ಒಂದು ಹಾಫ್, ಉಪ್ಪಳ" ಇಷ್ಟೇ, ಟೀಚರ ಹತ್ರ ಪ್ರತಿ ವಾಕ್ಯವೂ ಪೂರ್ತಿ, ಪಕ್ಕದವಳ ಹತ್ರ ಮಾತ್ರ ತಂಗಿಯ ಮದುವೆ, ತೋಟದ ಪಾಲು, ಅತ್ತೆಯ ಮಂಡಿನೋವು ಎಲ್ಲ ಒಂದರ ಬಾಲ ಹಿಡಿದು ಇನ್ನೊಂದು ಬರ್ತದೆ. ಯಾವ ಭಾಷೆಯಲ್ಲಿ ಕೆಲಸ ಮುಗಿಸ್ತಾಳೆ, ಯಾವುದರಲ್ಲಿ ಮನಸ್ಸು ಬಿಚ್ತಾಳೆ ಅಂತ ಹಿಡಿದ್ರೆ ಅಲ್ಲೇ ಒಂದು ಪಾತ್ರ ಸಿಕ್ಕಿತು.

ಇನ್ನೊಂದು, ಒಂದೇ ಘಟನೆಯನ್ನು ಬೇರೆ ಬೇರೆ ಬಾಯಲ್ಲಿ ಹೇಳಿಸುದು. ರೇಮೋ ಕೆನೊ ಅನ್ನುವ ಫ್ರೆಂಚ್ ಲೇಖಕ 1947ರಲ್ಲಿ ಬಸ್ಸಿನ ಒಂದು ಸಣ್ಣ ತಕರಾರನ್ನೇ 99 ಥರ ಬರೆದು ಪುಸ್ತಕ ಮಾಡಿದ. ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಊರಿನ ನಮಗೆ ಇದು ಹೊಸತಲ್ಲ. ಯಕ್ಷಗಾನದ ಪದ್ಯ ಹಾಡಿ, ವೇಷ ಕುಣಿತ ಇಲ್ಲದೆ ಕೂತಲ್ಲೇ ಪಾತ್ರವಾಗಿ ಅರ್ಥ ಹೇಳುವ ತಾಳಮದ್ದಳೆಯಲ್ಲಿ ಪದ್ಯ ಅದೇ, ರಾಮ ವಾಲಿಗೆ ಮರೆಯಿಂದ ಬಿಟ್ಟ ಬಾಣವೂ ಅದೇ, ಅರ್ಥ ಹೇಳುವವರು ಬದಲಾದ್ರೆ ಒಂದು ರಾತ್ರಿ ರಾಮ ಹೇಳಿದ್ದೇ ಸರಿ ಅಂತ ಎದ್ದು ಬರ್ತೇವೆ, ಇನ್ನೊಂದು ರಾತ್ರಿ ವಾಲಿಯ ಪ್ರಶ್ನೆ ಮನೆವರೆಗೂ ಜೊತೆಗೆ ಬರ್ತದೆ. ನಿಮ್ಮ ಕಥೆಯಲ್ಲಿ ನಿಮಗೇ ಆಗದವನು ಯಾರೋ ಅವನ ಪೀಠಿಕೆ, ಅಂದ್ರೆ ಪಾತ್ರ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮೊದ್ಲ ಮಾತು, ಬರೀರಿ, "ನಾನು" ಅಂತಲೇ, ಒಂದು ಪುಟ. ಅವನ ಮಟ್ಟಿಗೆ ಅವನೇ ಸರಿ, ನಡುವೆ ಎಲ್ಲಿಯೂ ನೀವು ಬಾಯಿ ಹಾಕಬಾರದು.

ದಿನಕ್ಕೆ 20 ನಿಮಿಷ ಸಾಕು, ಮೊಬೈಲಲ್ಲಿ ಟೈಪ್ ಮಾಡಿದ್ರೂ ಅಡ್ಡಿ ಇಲ್ಲ, ಬರೆದ ದಿನವೇ ಸ್ಟೇಟಸ್‌ಗೆ ಹಾಕ್ಬೇಡಿ ಅಷ್ಟೇ. ಬಸ್ಸಿನದ್ದು ಬರೆದವರು ನನಗೆ ಕಳಿಸಿ, ಖಂಡಿತ ಓದ್ತೇನೆ. ಅಂಗಳದ್ದಾದ್ರೆ ಎರಡನೇ ಸಲ ಬರೆದದ್ದನ್ನು ಕಳಿಸಿ.