ಎರಡು ಅಡಾಪ್ಟರ್, ಒಂದೇ ನಂಬರ್

ನಾನು ಹುಬ್ಬಳ್ಳಿಯವನು. ಇಂಟರ್‌ನೆಟ್ ಕನೆಕ್ಷನ್ ಕೂಡಿಸುವುದು ನನ್ನ ಕೆಲಸ. ಫೈಬರ್ ಮುಟ್ಟದ ಊರುಗಳಲ್ಲಿ ಡಿಶ್ ಹಾಕಿ ಸ್ಯಾಟಲೈಟ್ ಇಂಟರ್‌ನೆಟ್ ಕೊಡುವುದೂ ಅದರಲ್ಲಿ ಸೇರಿದೆ. ಹೋದ ವರ್ಷ ಶ್ರಾವಣದಲ್ಲಿ ಶಿರಹಟ್ಟಿ ತಾಲ್ಲೂಕಿನ ಒಂದು ಮನೆಯಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ಇಂಟರ್‌ನೆಟ್ ಕೇಬಲ್ಲನ್ನು ಲ್ಯಾಪ್‌ಟಾಪಿನ ಯುಎಸ್‌ಬಿಗೆ ಕೂಡಿಸುವ ಬೆರಳುದ್ದದ ಒಂದು ಈಥರ್ನೆಟ್ ಅಡಾಪ್ಟರ್‌ನ ತಪ್ಪು ಹಿಡಿಯಲು ನನಗೆ ಎರಡು ವಾರ ಬೇಕಾಯಿತು.

ಕಪ್ಪತಗುಡ್ಡದ ಮಗ್ಗುಲಿನ ಊರು ಅದು. ಹಳೇ ಮಾಳಿಗೆ ಮನೆ, ಮಣ್ಣಿನ ಗೋಡೆ ಎರಡಡಿ ದಪ್ಪ. ಮಗಳು ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ಅವಳ ತಮ್ಮನಿಗೆ ಆನ್‌ಲೈನ್ ಕ್ಲಾಸು. ಡಿಶ್ ಮಾಳಿಗೆ ಮೇಲೆ, ಮೋಡೆಮ್ ಮತ್ತು ರೌಟರ್ ಪಡಸಾಲೆಯಲ್ಲಿ. ವೈಫೈ ಆ ಗೋಡೆ ದಾಟಿ ಒಳಕೋಣೆಗೆ ಹೋಗಲೇ ಇಲ್ಲ. ಇಬ್ಬರಿಗೂ ಕೇಬಲ್ ಎಳೆಯೋಣ ಅಂದೆ. ಆದರೆ ಇಬ್ಬರ ಲ್ಯಾಪ್‌ಟಾಪೂ ತೆಳ್ಳಗಿನವು, ಕೇಬಲ್ ಚುಚ್ಚುವ ಪೋರ್ಟೇ ಇಲ್ಲ. ಹಾಗಾಗಿ ಹುಬ್ಬಳ್ಳಿಯಿಂದ ಯುಎಸ್‌ಬಿ ಅಡಾಪ್ಟರ್ ಎರಡು ತಂದೆ. ಒಂದೇ ಥರದವು, 250 ರೂಪಾಯಿಗೆ ಒಂದು. ಡಬ್ಬಿಯ ಮೇಲೆ 'ಯುಎಸ್‌ಬಿ 2.0, 100 ಎಂಬಿಪಿಎಸ್' ಎಂದು ದಪ್ಪ ಅಕ್ಷರದಲ್ಲಿ ಇತ್ತು. ಅವರ ಪ್ಲಾನ್ 20 ಎಂಬಿಪಿಎಸ್‌ದು. ಸಾಕಲ್ವಾ, ಬೇಕಾದ್ದಕ್ಕಿಂತ ಜಾಸ್ತಿನೇ ಆಯ್ತು ಅಂದುಕೊಂಡೆ.

ವಾರ ಕಳೆಯುವ ಮೊದಲೇ ಫೋನ್ ಬಂತು. ಸ್ಪೀಡ್ ಏಳರ ಮೇಲೆ ಏರುತ್ತಿಲ್ಲ, ಮೇಲಿಂದ ನಡುನಡುವೆ ಕಟ್ ಆಗುತ್ತಿದೆ. ಅವತ್ತು ಜಿಟಿಜಿಟಿ ಮಳೆ. ಮಳೆ ಜೋರಾದಾಗ ಡಿಶ್ ಸಿಗ್ನಲ್ ಕುಗ್ಗುವುದು ನಮಗೆ ದಿನನಿತ್ಯದ ಮಾತು. ಅದೇ ಇರಬೇಕು ಎಂದು ಹೋದೆ. ಡಿಶ್ ಮತ್ತೆ ಹೊಂದಿಸಿದೆ, ಕೇಬಲ್ಲಿನ ಕನೆಕ್ಟರ್ ಬದಲಿಸಿದೆ, ಟೇಪ್ ಸುತ್ತಿದೆ. ಮೋಡೆಮ್ ಪೇಜಿನಲ್ಲಿ ಸಿಗ್ನಲ್ ಮೊದಲೂ ಚೆನ್ನಾಗಿಯೇ ಇತ್ತು, ಆಮೇಲೂ ಚೆನ್ನಾಗಿಯೇ ಇತ್ತು. ಆ ಅಂಕಿಯನ್ನು ನಾನು ನಂಬಬೇಕಿತ್ತು.

ಹೊರಡುವಾಗ ಆ ಮನೆಯ ಅಜ್ಜಿ ಒಂದು ಮಾತು ಅಂದರು: 'ತಮ್ಮಾ, ಅಕ್ಕಂದು ಹಚ್ಚಿದ್ರ ಇವಂದು ಹೋಗ್ತೈತಿ, ಇವಂದು ಹಚ್ಚಿದ್ರ ಅಕ್ಕಂದು ಹೋಗ್ತೈತಿ ನೋಡು. ದಿನಾ ಜಗಳ.' 'ಇಬ್ರೂ ಕೂಡಿ ಹಚ್ಚಿದ್ರ ಹಂಗ ಆಗ್ತೈತ್ರಿ ಅಜ್ಜಿ, ಲೋಡ್ ಜಾಸ್ತಿ' ಎಂದು ಹೇಳಿ ಗಾಡಿ ಹತ್ತಿದೆ. ಇಡೀ ಕೇಸು ಆ ಒಂದು ಮಾತಿನಲ್ಲಿತ್ತು. ಸಿಗ್ನಲ್ ಕಡಿಮೆ ಇದ್ದರೆ ಇಬ್ಬರದೂ ಒಟ್ಟಿಗೆ ಹೋಗಬೇಕು. ಒಬ್ಬರದು ಬಂದಾಗ ಇನ್ನೊಬ್ಬರದು ಹೋಗುತ್ತಿದೆ ಅಂದರೆ ಅದು ಮನೆಯೊಳಗಿನ ತೊಂದರೆ.

ಎರಡನೇ ಸಲ ಹೋದಾಗ ಡಿಶ್ ಮುಟ್ಟಲಿಲ್ಲ. ರೌಟರ್ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ವೈಫೈ ಸ್ಪೀಡ್ ನೋಡಿದೆ. 18 ಬಂತು. ಅದು ಮುಗಿದ ಕೂಡಲೇ ಒಳಗೆ ಕೇಬಲ್ ಹಾಕಿದ ಲ್ಯಾಪ್‌ಟಾಪಿನಲ್ಲಿ ನೋಡಿದರೆ 7. ಲ್ಯಾಪ್‌ಟಾಪ್ ಮಾತ್ರ ಲಿಂಕ್ ಸ್ಪೀಡ್ 100 ಎಂದೇ ತೋರಿಸುತ್ತಿತ್ತು. ಅಡಾಪ್ಟರ್‌ನ ಹಸಿರು ಲೈಟೂ ಹೊಳೆಯುತ್ತಿತ್ತು. ಅದನ್ನು ಕಿತ್ತು ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪಿಗೆ ಚುಚ್ಚಿ ಯುಎಸ್‌ಬಿ ಪಟ್ಟಿ ತೆಗೆದೆ. ಅಡಾಪ್ಟರ್ ಇದ್ದ ಸಾಲಿನ ಕೊನೆಗೆ '12ಎಂ' ಎಂದಿತ್ತು. ನಿಜವಾದ ಯುಎಸ್‌ಬಿ 2.0 ಆಗಿದ್ದರೆ ಅಲ್ಲಿ 480 ಇರಬೇಕು. 12 ಅಂದರೆ ಹಳೇ ಯುಎಸ್‌ಬಿ 1.1. ಅಡಾಪ್ಟರ್‌ಗೆ ಎರಡು ಬಾಯಿ. ಕೇಬಲ್ ಕಡೆಯ ಬಾಯಿ 100 ಇದ್ದದ್ದು ನಿಜ. ಆದರೆ ಲ್ಯಾಪ್‌ಟಾಪ್ ಕಡೆಯದು ಬರೀ 12, ಅದರಲ್ಲೂ ಕೈಗೆ ಸಿಗುವುದು ಏಳೋ ಎಂಟೋ. ಲಿಂಕ್ ಸ್ಪೀಡ್ ಎಂದು ಪರದೆ ತೋರಿಸುವುದು ಕೇಬಲ್ ಕಡೆಯ ಲೆಕ್ಕ ಮಾತ್ರ.

ಕಟ್ ಆಗುವುದಕ್ಕೆ ಕಾರಣ ಬೇರೆ. ಎರಡೂ ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು ನೆಟ್‌ವರ್ಕ್ ವಿವರದಲ್ಲಿ ಫಿಸಿಕಲ್ ಅಡ್ರೆಸ್ ತೆಗೆದೆ. ಮ್ಯಾಕ್ ಅಡ್ರೆಸ್ ಅಂತೀವಲ್ಲ, ಅದೇ 12 ಅಂಕಿ-ಅಕ್ಷರದ ನಂಬರ್. ಅಕ್ಕ ತನ್ನದನ್ನು ಓದುತ್ತಾ ಹೋದಳು, ನಾನು ಇನ್ನೊಂದರ ಮೇಲೆ ಬೆರಳಿಟ್ಟು ನೋಡುತ್ತಾ ಹೋದೆ. ಕೊನೇ ಅಕ್ಷರದವರೆಗೂ ಒಂದೇ! ಒಂದು ಮನೆಯ ನೆಟ್‌ವರ್ಕಿನಲ್ಲಿ ಈ ನಂಬರ್ ಒಂದೊಂದಕ್ಕೂ ಬೇರೆ ಇರಲೇಬೇಕು. ತೀರಾ ಅಗ್ಗದ ಅಡಾಪ್ಟರ್‌ಗಳಲ್ಲಿ ಕೆಲವು ತಯಾರಕರು ಎಲ್ಲಕ್ಕೂ ಒಂದೇ ನಂಬರ್ ಹಾಕಿ ಬಿಡುತ್ತಾರೆ. ಎರಡೂ ಹಚ್ಚಿದಾಗ ರೌಟರ್‌ಗೆ ಇವು ಎರಡು ಮಷಿನ್ ಎಂದು ಗೊತ್ತೇ ಆಗುವುದಿಲ್ಲ. ಇಬ್ಬರಿಗೂ ಒಂದೇ ಐಪಿ, ಅಂದರೆ ಡೇಟಾ ತಲುಪಬೇಕಾದ ವಿಳಾಸ, ಕೊಡುತ್ತದೆ. ಅಕ್ಕನ ಮೀಟಿಂಗಿನ ಡೇಟಾ ತಮ್ಮನ ಕಡೆಗೆ, ತಮ್ಮನ ಕ್ಲಾಸಿನದು ಅಕ್ಕನ ಕಡೆಗೆ. ಅಜ್ಜಿ ಹೇಳಿದ ಹಾಗೆಯೇ.

ಈಗ ಸ್ಯಾಟಲೈಟ್ ಮನೆಗೆ ಅಡಾಪ್ಟರ್ ಆರಿಸುವಾಗ ನಾನು ಮೊದಲು ಯುಎಸ್‌ಬಿ ಕಡೆ ನೋಡುತ್ತೇನೆ. ಯುಎಸ್‌ಬಿ 3.0 ಗಿಗಾಬಿಟ್, ಒಳಗೆ ರಿಯಲ್‌ಟೆಕ್ ಆರ್‌ಟಿಎಲ್8153 ಅಥವಾ ಎಎಸ್‌ಐಎಕ್ಸ್ ಎಎಕ್ಸ್88179 ಚಿಪ್. 20 ಎಂಬಿಪಿಎಸ್ ಡಿಶ್‌ಗೆ ಗಿಗಾಬಿಟ್ ಬೇಕೇ ಬೇಕು ಅಂತಲ್ಲ, ನಿಜವಾದ ಯುಎಸ್‌ಬಿ 2.0 ಇದ್ದರೂ ಧಾರಾಳ ಆಗುತ್ತದೆ. ಆದರೆ ಡಬ್ಬಿ ನೋಡಿ ಅದು ನಿಜವೋ ಸುಳ್ಳೋ ಹೇಳಲು ಬರುವುದಿಲ್ಲ. ಚಿಪ್ಪಿನ ಹೆಸರು ಬರೆದಿದ್ದರೆ ಒಂದು ಭರವಸೆ. ಈ ಎರಡು ಚಿಪ್ಪಿನ ಡ್ರೈವರ್, ಅಂದರೆ ಅಡಾಪ್ಟರ್ ನಡೆಸುವ ಸಾಫ್ಟ್‌ವೇರ್, ಲಿನಕ್ಸ್‌ನಲ್ಲಿ ಮೊದಲೇ ಇರುತ್ತದೆ, ಈಗಿನ ವಿಂಡೋಸ್‌ನಲ್ಲೂ ಸಾಮಾನ್ಯವಾಗಿ ತಾನೇ ಕೂರುತ್ತದೆ. ಇದು ಸಣ್ಣ ವಿಷಯ ಅಲ್ಲ. ನಾನು ತಂದ ಅಗ್ಗದ್ದರ ಜೊತೆ ಡ್ರೈವರ್‌ಗೆ ಅಂತ ಅಂಗೈಯಗಲದ ಸಿಡಿ ಬಂದಿತ್ತು. ಲ್ಯಾಪ್‌ಟಾಪಿಗೆ ಸಿಡಿ ಡ್ರೈವ್ ಎಲ್ಲಿಂದ ಬರಬೇಕು?  ಈಗ ಎರಡೂ ಡ್ರೈವರ್ ಪೆನ್‌ಡ್ರೈವಿನಲ್ಲಿ ಹಾಕಿಕೊಂಡೇ ಹೋಗುತ್ತೇನೆ. ಲ್ಯಾಪ್‌ಟಾಪಿನದು ಟೈಪ್-ಸಿ ಪೋರ್ಟೋ ಹಳೇ ಚೌಕದ ಪೋರ್ಟೋ ಎಂದು ಫೋನಿನಲ್ಲೇ ಕೇಳಿಕೊಳ್ಳುತ್ತೇನೆ.

ಸ್ಟಾರ್‌ಲಿಂಕ್ ಎಂಬ ಸ್ಯಾಟಲೈಟ್ ಇಂಟರ್‌ನೆಟ್ ಬಗ್ಗೆ ವಿಡಿಯೋ ನೋಡಿದವರು 'ಅದಕ್ಕೂ ಅಡಾಪ್ಟರ್ ಬೇಕಂತಲ್ರೀ' ಎಂದು ಕೇಳುತ್ತಾರೆ. ಅದು ಬೇರೆ ಸಾಮಾನು. ಸ್ಟಾರ್‌ಲಿಂಕ್‌ನ ಎರಡನೇ ತಲೆಮಾರಿನ ಚೌಕ ಡಿಶ್ ಜೊತೆ ಬರುತ್ತಿದ್ದ ರೌಟರ್‌ನಲ್ಲಿ ಈಥರ್ನೆಟ್ ಪೋರ್ಟೇ ಇರಲಿಲ್ಲ, ಕಂಪನಿಯದೇ ಅಡಾಪ್ಟರ್ ಬೇಕಾಗುತ್ತಿತ್ತು. ಮೂರನೇ ತಲೆಮಾರಿನ ರೌಟರ್‌ನಲ್ಲಿ ಎರಡು ಪೋರ್ಟ್ ಕೊಟ್ಟಿದ್ದಾರೆ. ನಾನು ಹೇಳುತ್ತಿರುವುದು ಲ್ಯಾಪ್‌ಟಾಪ್ ಕಡೆಯದು.

ಆ ಮನೆಯ ಹುಡುಗ ಇನ್ನೊಂದು ಕೇಳಿದ: 'ಅಣ್ಣಾ, ಛಲೋ ಅಡಾಪ್ಟರ್ ಹಾಕಿದ್ರ ಗೇಮಿನ ಪಿಂಗ್ ಇಳಿತೈತೇನು?' ಪಿಂಗ್ ಅಂದರೆ ಡೇಟಾ ಹೋಗಿ ಉತ್ತರ ಬರಲು ಹಿಡಿಯುವ ಸಮಯ. ಅದು ಇಳಿಯುವುದಿಲ್ಲ. ನಾವು ಹಾಕುವ ಡಿಶ್ ನೋಡುವ ಸ್ಯಾಟಲೈಟ್ 35,786 ಕಿಲೋಮೀಟರ್ ಮೇಲಿದೆ. ಹೋಗಿ ಕೆಳಗಿಳಿಯುವಷ್ಟರಲ್ಲಿ 72,000 ಕಿಲೋಮೀಟರ್, ಉತ್ತರ ಬರಲು ಮತ್ತೆ ಅಷ್ಟೇ. ಬೆಳಕಿನ ವೇಗದಲ್ಲಿ ಓಡಿದರೂ 480 ಮಿಲಿಸೆಕೆಂಡ್ ದಾರಿಯಲ್ಲೇ ಹೋಗುತ್ತದೆ. ಪರದೆ ಮೇಲೆ 600 ಆಸುಪಾಸು ಕಂಡರೆ ಅದು ಸರಿಯಾಗಿಯೇ ಇದೆ. ಇದನ್ನು ಕನೆಕ್ಷನ್ ಕೊಡುವ ಮೊದಲೇ ಹೇಳಬೇಕು. ಸುಮ್ನೆ ಆಸೆ ಹುಟ್ಟಿಸಿ ದುಡ್ಡು ಖರ್ಚು ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ.

ಹೊಸ ಅಡಾಪ್ಟರ್ ಹಾಕಿದ ಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಅರ್ಧ ತಾಸು ನಡೆಸಿ ನೋಡಿದೆ. ಕಟ್ ಆಗಲಿಲ್ಲ. ಎರಡರ ಮ್ಯಾಕ್ ನಂಬರೂ ಕೆಲಸದ ಚೀಟಿಯಲ್ಲಿ ಬರೆದುಕೊಂಡೆ, ಈಗ ಎಲ್ಲಾ ಮನೆಯಲ್ಲೂ ಬರೆದುಕೊಳ್ಳುತ್ತೇನೆ. ಮೊದಲ ಸಲದ ವಿಸಿಟ್ ಚಾರ್ಜ್ ವಾಪಸ್ ಕೊಟ್ಟಾಗ ಅವರ ಅಪ್ಪ ಬೇಡ ಅಂದರು. 'ಅಡಾಪ್ಟರ್ ತಂದಾಂವ ನಾನ ಅಲ್ರೀ ಕಾಕಾ' ಎಂದು ಕೈಯಲ್ಲಿಟ್ಟೆ. ಹೊರಗೆ ಬರುವಾಗ ಅಜ್ಜಿಗೆ, 'ನೀವ ಮೊದಲ ಸರಿ ಹೇಳಿದ್ರಿ ನೋಡ್ರಿ' ಅಂದೆ.