ಹುಳ ತೋರಿಸೋಕೂ ಸಂಬಳ ಕೊಡ್ತಾರಾ?

ಬೇಸಿಗೆ ಕೆಲಸ ಸಿಕ್ಕಿತು ಅಂತ ತೀರ್ಥಹಳ್ಳಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಇಷ್ಟೇ. "ಎಂತ ಮಾರಾಯ್ತಿ, ಹುಳ ತೋರಿಸೋಕೂ ಸಂಬಳ ಕೊಡ್ತಾರಾ?"

ಕೊಡ್ತಾರೆ. ಜಾಸ್ತಿ ಏನಲ್ಲ, ಬಾಡಿಗೆಗೂ ಅಕ್ಕಿಗೂ ಸಾಕು. ಕೀಟಶಾಸ್ತ್ರದಲ್ಲಿ ಎಂಎಸ್ ಮಾಡಲು ನಾನು ಅಮೆರಿಕದ ಇಲಿನಾಯ್ ರಾಜ್ಯಕ್ಕೆ ಬಂದು ಒಂದು ವರ್ಷವಾಯಿತು. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಕ್ಯಾಂಪಸ್‌ನ ಹೊರಗೆ ಇಂಟರ್ನ್‌ಶಿಪ್ ಮಾಡಬೇಕಾದರೆ ಸಿಪಿಟಿ ಅನ್ನುವ ಅನುಮತಿ ಬೇಕು. ಕೆಲಸ ಓದಿಗೆ ಸಂಬಂಧಪಟ್ಟದ್ದೇ ಆಗಿರಬೇಕು. ನನ್ನ ಪಾಲಿಗೆ ಬಂದದ್ದು ಹತ್ತು ವಾರದ ಕೆಲಸ. ಬೆಳಿಗ್ಗೆ ಕಮ್ಯುನಿಟಿ ಗಾರ್ಡನ್‌ನಲ್ಲಿ ಮಣ್ಣು, ಮಧ್ಯಾಹ್ನ ಮಕ್ಕಳಿಗೆ ಹುಳದ ಪಾಠ.

ಕಮ್ಯುನಿಟಿ ಗಾರ್ಡನ್ ಅಂದರೆ ಹಿತ್ತಲಿಲ್ಲದವರ ಹಿತ್ತಲು. ಒಂದು ದೊಡ್ಡ ಜಾಗವನ್ನು ಚೌಕ ಚೌಕ ಮಾಡಿ ಒಂದೊಂದು ಮನೆಗೆ ಒಂದೊಂದು ಕೊಡುತ್ತಾರೆ. ನಮ್ಮದರಲ್ಲಿ ಒಂದು ಚೌಕ 20 ಅಡಿ ಉದ್ದ, 10 ಅಡಿ ಅಗಲ. ನಲ್ಲಿ, ಗೊಬ್ಬರದ ರಾಶಿ, ಗುದ್ದಲಿ ಎಲ್ಲರಿಗೂ ಸೇರಿದ್ದು. ಇಲ್ಲಿ ಮೇ ತಿಂಗಳವರೆಗೂ ಹಿಮದ ಭಯ, ಅಕ್ಟೋಬರ್‌ಗೆ ಮತ್ತೆ ಅದೇ ಭಯ. ನಡುವೆ ಸಿಗುವ ಐದು ತಿಂಗಳಲ್ಲಿ ಜನ ಆಸೆಬುರುಕರ ಹಾಗೆ ಬೆಳೆಯುತ್ತಾರೆ. ಜುಲೈನಲ್ಲಿ ರಾತ್ರಿ ಎಂಟಕ್ಕೂ ಬಿಸಿಲು. ಊರಲ್ಲಿ ಆಗ ಜಡಿಮಳೆ, ಗೊರಬು ಹಾಕಿಕೊಂಡು ಗದ್ದೆಗೆ ಇಳಿಯೋ ಹೊತ್ತು.

ನಮ್ಮ ಪಕ್ಕದ ಚೌಕ ಮೆಕ್ಸಿಕೋ ಕಡೆಯ ಒಬ್ಬ ಅಜ್ಜಿಯದು. ಒಂದು ದಿನ ನಾನು ಕಳೆ ಕೀಳುತ್ತಿದ್ದಾಗ ಓಡಿ ಬಂದು ಬುಟ್ಟಿ ಕಸಿದುಕೊಂಡರು. ನೋಡಿದರೆ ಗೋಣಿ ಸೊಪ್ಪು! ಅವರ ಮನೆಯಲ್ಲೂ ತಿನ್ನುತ್ತಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಬುಟ್ಟಿಯನ್ನು ಅರ್ಧ ಅರ್ಧ ಹಂಚಿಕೊಂಡೆವು. ಅವತ್ತು ನಮ್ಮ ರೂಮಿನಲ್ಲಿ ಹುಳಿ.

ತೋಟದ ಉಸ್ತುವಾರಿ ಇನ್ನೊಬ್ಬ ಅಜ್ಜಿಯದು. ಅವರು ಮಾಸ್ಟರ್ ಗಾರ್ಡನರ್. ತರಬೇತಿ ಪಡೆದು ಊರವರಿಗೆ ಪುಕ್ಕಟೆ ಸಲಹೆ ಕೊಡುವ ಸ್ವಯಂಸೇವಕರನ್ನು ಇಲ್ಲಿ ಹಾಗೆ ಕರೆಯುತ್ತಾರೆ. 1972ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಶುರುವಾದ ಪದ್ಧತಿ ಇದು. ಮನೆತೋಟದವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ವಿಶ್ವವಿದ್ಯಾಲಯದ ವಿಸ್ತರಣಾ ಸಿಬ್ಬಂದಿ, ಅಂದರೆ ಊರವರಿಗೆ ಕೃಷಿ ಸಲಹೆ ಕೊಡುವವರು, ಸೋತುಹೋಗಿದ್ದರಂತೆ. ಇಲ್ಲಿ ಎಪ್ಪತ್ತು ದಾಟಿದವರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗೆ ಬಾಯಿ ಬರಲಿಲ್ಲ. ಹತ್ತು ವಾರವೂ ಏನೂ ಕರೆಯದೆ, ಎದುರು ಹೋಗಿ ನಿಂತು ಕೆಮ್ಮಿ ಕಾಲ ಹಾಕಿದೆ.

ಎರಡನೇ ವಾರದಲ್ಲಿ ಅವರ ಮುಂದೆಯೇ ಮಾನ ಹೋಯಿತು. ಬೇಲಿ ಬದಿಯಲ್ಲಿ ದಪ್ಪ ಎಲೆಯ ಸಸಿಗಳಿದ್ದವು. ಕಳೆ ಅಂದುಕೊಂಡು ಒಂದೇ ಉಸಿರಿಗೆ ಏಳೆಂಟು ಕಿತ್ತೆ. ಕೈಗೆ ಬಿಳಿ ಹಾಲು ಅಂಟಿತು. ನಮ್ಮ ಎಕ್ಕದ ಹಾಲಿನ ಹಾಗೇ. ಆಗಲಾದರೂ ಗೊತ್ತಾಗಬೇಕಿತ್ತು ಅಲ್ವಾ? ಅದು ಮಿಲ್ಕ್‌ವೀಡ್, ಎಕ್ಕದ ಕುಟುಂಬದ್ದೇ. ಮೊನಾರ್ಕ್ ಚಿಟ್ಟೆಯ ಮರಿಗಳು ಅದನ್ನು ಬಿಟ್ಟು ಬೇರೇನೂ ತಿನ್ನುವುದಿಲ್ಲ. ಮೆಕ್ಕೆಜೋಳ, ಸೋಯಾ ಹೊಲಗಳಿಗೆ ಕಳೆನಾಶಕ ಹೊಡೆದೂ ಹೊಡೆದೂ ಈ ಗಿಡ ಕಡಿಮೆಯಾಗಿದೆ. ಅದಕ್ಕೇ ಮಕ್ಕಳು ಕೈಯಾರೆ ಬಿತ್ತಿ ಬೆಳೆಸಿದ್ದರು. ಈ ರಾಜ್ಯದ ಕೀಟವೂ ಮೊನಾರ್ಕೇ. ಶಾಲೆ ಮಕ್ಕಳು ಕೇಳಿದ್ದಕ್ಕೆ 1975ರಲ್ಲಿ ಘೋಷಿಸಿದ್ದು.

ಅಜ್ಜಿ ಬೈಯಲಿಲ್ಲ. ಕಿತ್ತ ಗಿಡಗಳ ಎಲೆ ಒಂದೊಂದೇ ಮಗುಚಿ ನೋಡಿದರು. ಒಂದರ ಹಿಂದೆ ಗುಂಡುಸೂಜಿಯ ತಲೆಯಷ್ಟು ಮೊಟ್ಟೆ, ಕೆನೆಬಣ್ಣ, ಮೈಮೇಲೆ ಸಣ್ಣ ಗೀರುಗಳು. ಎಲೆಯನ್ನು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟರು. ನಾಲ್ಕನೇ ದಿನ ಮೊಟ್ಟೆಯ ತುದಿ ಕಪ್ಪಾಯಿತು. ಸಂಜೆಗೆ ದಾರದ ಎಳೆಯಂಥ ಮರಿ ಹೊರಗೆ ಬಂತು. ಮೊದಲು ತಿಂದದ್ದು ತನ್ನದೇ ಮೊಟ್ಟೆಯ ಸಿಪ್ಪೆ.

ಮಧ್ಯಾಹ್ನದ ಪಾಠ ಸುಲಭ ಅಂದುಕೊಂಡಿದ್ದೆ. ಮಡಗಾಸ್ಕರ್ ಜಿರಲೆ ಇದ್ದರೆ ಸಾಕು, ಮಕ್ಕಳು ಮುಗಿಬೀಳುತ್ತಾರೆ. ಹೆಬ್ಬೆರಳಿಗಿಂತ ದಪ್ಪ, ರೆಕ್ಕೆಯಿಲ್ಲ, ಮುಟ್ಟಿದರೆ ಹಿಸ್ ಅನ್ನುತ್ತದೆ. ಸದ್ದು ಬಾಯಿಂದಲ್ಲ, ಹೊಟ್ಟೆಯ ಪಕ್ಕದ ಉಸಿರಾಟದ ರಂಧ್ರಗಳಿಂದ. ನಿಜ ಹೇಳಬೇಕೆಂದರೆ ಮೊದಲ ವಾರ ಅದನ್ನು ಹಿಡಿಯೋಕೆ ನನಗೇ ಧೈರ್ಯ ಇರಲಿಲ್ಲ.

ಕಷ್ಟವಾದದ್ದು ಟೊಮೆಟೊ ಗಿಡದ ಹತ್ತಿರ. ಎಂಟು ವರ್ಷದ ಒಬ್ಬಳು ಹಾರ್ನ್‌ವರ್ಮ್ ಹುಡುಕಿದಳು. ಬೆರಳುದ್ದದ ಹಸಿರು ಹುಳ, ಬಾಲದಲ್ಲಿ ಕೊಂಬು. ಅದರ ಬೆನ್ನ ತುಂಬ ಸಣ್ಣಕ್ಕಿ ಕಾಳು ನೆಟ್ಟ ಹಾಗೆ ಬಿಳಿ ಗೂಡುಗಳು. "ಇದನ್ನು ಯಾರು ತಿಂತಿದಾರೆ?" ಅಂದಳು. ನನ್ನ ತಲೆಯಲ್ಲಿ ಮೊದಲು ಬಂದದ್ದು ಲೀಟರ್ ನೀರಿಗೆ ಎಷ್ಟು ಎಂಎಲ್ ಔಷಧಿ ಅನ್ನೋದು. ಪರೀಕ್ಷೆಗೆ ಹಾಗೇ ಓದಿದ್ದೆ ನಾನು: ಹುಳದ ಹೆಸರು, ಹಾನಿ, ಔಷಧಿ. ಯಾರು ತಿಂತಾರೆ ಅನ್ನೋ ಪ್ರಶ್ನೆಗೆ ಅಂಕ ಕಡಿಮೆ ಅಂತ ಬಿಟ್ಟಿದ್ದೆ.

ಆಮೇಲೆ ನೆನಪಾದದ್ದು ಪಾಠವಲ್ಲ, ನಮ್ಮ ಮನೆ ಜಗಲಿಯ ಗೋಡೆ. ಅಲ್ಲಿ ಕುಂಬಾರ ಹುಳ, ಅಂದರೆ ಒಂದು ಜಾತಿಯ ಕಣಜ, ಮಣ್ಣಿನ ಗೂಡು ಕಟ್ಟುತ್ತಿತ್ತು. ಒಮ್ಮೆ ಒಡೆದು ನೋಡಿದ್ದೆವು. ಒಳಗೆ ಹಸಿರು ಹುಳಗಳು, ಜೀವ ಇತ್ತು, ಅಲುಗಾಡುತ್ತಿರಲಿಲ್ಲ. ಕಣಜ ಚುಚ್ಚಿ ತಂದು ಮರಿಗೆ ಬುತ್ತಿ ಕಟ್ಟಿಟ್ಟದ್ದು ಅದು. ಟೊಮೆಟೊ ಹುಳದ ಕಥೆಯಲ್ಲಿ ಸಣ್ಣ ಕಣಜ ಬುತ್ತಿಯನ್ನು ಮನೆಗೆ ತರೋದಿಲ್ಲ, ಬುತ್ತಿಯೊಳಗೇ ಮೊಟ್ಟೆ ಇಡುತ್ತದೆ. ಮರಿಗಳು ಒಳಗಿನಿಂದ ತಿಂದು, ಹೊರಬಂದು, ಬೆನ್ನ ಮೇಲೆ ಗೂಡು ನೇಯುತ್ತವೆ. ಇಂಥ ಹುಳ ಕಂಡರೆ ಕೊಲ್ಲಬಾರದು. ಅದರಿಂದ ಹಾರುವ ಕಣಜಗಳೇ ಮುಂದಿನ ಹುಳಗಳನ್ನು ನೋಡಿಕೊಳ್ಳುತ್ತವೆ. ಇಷ್ಟನ್ನೂ ಗೋಡೆಯ ಚಿತ್ರ ಬರೆದು ಹೇಳಿದೆ. "ನಿಮ್ಮ ಅಮ್ಮ ಗೋಡೆ ಮೇಲೆ ಮಣ್ಣು ಬಿಡ್ತಾರಾ?" ಅಂತ ಅವಳಿಗೆ ಅದೇ ಆಶ್ಚರ್ಯ.

ಕೊನೆಯ ವಾರ ಸಬ್ಬಸಿಗೆ ಸೊಪ್ಪಿನಲ್ಲಿ ಪಟ್ಟೆ ಪಟ್ಟೆ ಹುಳ ಸಿಕ್ಕಿತು. ಮುಟ್ಟಿದೊಡನೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು, ಜತೆಗೆ ಕೆಟ್ಟ ವಾಸನೆ. ಈ ಕೊಂಬನ್ನು ನಾನು ನೋಡಿದ್ದೇನೆ! ನಮ್ಮ ಕರಿಬೇವಿನ ಗಿಡದಲ್ಲಿ ನಿಂಬೆ ಚಿಟ್ಟೆಯ ಮರಿ ಮಾಡೋದೂ ಇದನ್ನೇ. ಅಮ್ಮ ಅವನ್ನು ಕಡ್ಡಿಯಲ್ಲಿ ಎತ್ತಿ ಕೋಳಿಗೆ ಹಾಕುತ್ತಿದ್ದಳು.

ಅವತ್ತು ರಾತ್ರಿ ಫೋನ್ ಮಾಡಿದೆ. ಊರಲ್ಲಿ ಬೆಳಿಗ್ಗೆ, ಹಿನ್ನೆಲೆಯಲ್ಲಿ ಮಳೆ ಸದ್ದು.

"ಅಮ್ಮ, ಕರಿಬೇವಲ್ಲಿ ಹಕ್ಕಿ ಹಿಕ್ಕೆ ಥರ ಹುಳ ಇದೆಯಾ ನೋಡು. ಇದ್ರೆ ಕೋಳಿಗೆ ಹಾಕ್ಬೇಡ. ಚಿಟ್ಟೆ ಆಗುತ್ತೆ."

ಕೊಡೆ ಬಿಚ್ಚಿದ ಸದ್ದು. ಸ್ವಲ್ಪ ಹೊತ್ತು ಬರೀ ಮಳೆ.

"ನಾಕು ಇದಾವೆ. ಎರಡು ಬಿಡ್ತೀನಿ."

"ಎರಡೇ ಎಂತಕ್ಕೆ?"

"ಒಗ್ಗರಣೆಗೆ ಎಲೆ ನೀನು ಕಳಿಸ್ತೀಯಾ ಅಲ್ಲಿಂದ?"